ಗಂಗುಲಮ್ಮನಿಗೆ ವಾಪಸು ಕೊಟ್ಟ ಪೊರೆ

ನಮ್ಮ ಬೀದಿಯ ಕಾವ್ಯ ಎಂಬ ಹುಡುಗಿ, ಹೆರಿಗೆಯ ಹೊತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತ ಹಿಡಿದು ಕಾದಿಡುವ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಆ ರಕ್ತದಲ್ಲಿ ಸ್ಟೆಮ್ ಸೆಲ್ ಇರುತ್ತದಂತೆ. ಹೋದ ವಾರ ತಾಯಂದಿರಿಂದ ಒಪ್ಪಿಗೆ ಪಡೆಯುವ ಫಾರಂ ತಂದು ತೋರಿಸಿದಳು. ನೂರು ಪುಟ ಇತ್ತು. ಸರಿ, ಹನ್ನೊಂದು.

"ಯಾರೂ ಓದಲ್ಲ ತಾತ. ಎಲ್ಲಿ ಸೈನ್ ಮಾಡ್ಬೇಕು ಅಂತ ಅಷ್ಟೇ ಕೇಳ್ತಾರೆ. ನಿಮ್ ಕಾಲದಲ್ಲಿ ಎಷ್ಟು ಪುಟ ಇತ್ತು?" ಎಂದಳು.

"ನಮ್ ಕಾಲದಲ್ಲಿ ಪುಟ ಇರ್ಲಿಲ್ಲ ಕಣಮ್ಮ. ನಾನಿದ್ದೆ," ಎಂದೆ.

ಅವಳು ನಕ್ಕಳು. ನನಗೆ ಮಾತ್ರ ಕಿವಿಯೊಳಗೆ ಆಸ್ಪತ್ರೆಯ ಹಳೆಯ ಟ್ರಾಲಿಯೊಂದು ಕಿರ್ರ್ ಎಂದಿತು. ಆ ಟ್ರಾಲಿಯ ಕಥೆಯನ್ನು ಕಾವ್ಯಳಂಥವರಿಗಾಗಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ನನ್ನ ಮುಂದಿದ್ದವರು ಒಬ್ಬೊಬ್ಬರಾಗಿ ರಿಟೈರ್ ಆದರು, ನಾನು ಒಂದೊಂದು ಕುರ್ಚಿ ಮುಂದೆ ಸರಿದೆ. ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ.

ಒಂದು ಎಚ್ಚರಿಕೆ. ನನಗೆ ಮಾತು ಎಳೆಯುವ ಚಟ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹತ್ತಿದ್ದು, ಮೊಣಕಾಲು ಹೋದರೂ ಅದು ಹೋಗಿಲ್ಲ. ಇದನ್ನು ಬರೆಯುವಾಗ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಎಲ್ಲಿ ‘ಸರಿ’ ಎಂದು ಬರುತ್ತದೋ ಅಲ್ಲಿ ಅವಳು ಕೆಮ್ಮಿದ್ದಾಳೆ ಎಂದು ತಿಳಿದುಕೊಳ್ಳಿ.

ನಾನು ಸೇರಿದ್ದು ಕೋಲಾರದಲ್ಲಿ ಆಗ ಇದ್ದು ಈಗ ಇಲ್ಲದ ಒಂದು ಧರ್ಮಾಸ್ಪತ್ರೆಗೆ. ಎಪ್ಪತ್ತರ ದಶಕದ ಕೊನೆ. ವಕ್ಕಲೇರಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ನನ್ನ ಹುದ್ದೆಯ ಹೆಸರು ಲ್ಯಾಬ್ ಅಟೆಂಡರ್, ಅದೂ ಟೆಂಪರರಿ. ಊರಲ್ಲಿ ಮಾತ್ರ "ಅರ್ಧ ಡಾಕ್ಟರ್" ಎಂದು ಹೇಳಿಕೊಂಡಿದ್ದೆ. ನಮ್ಮೂರ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರೆಲ್ಲ ನನಗೆ ನಾಲಗೆ ಚಾಚಿ ತೋರಿಸುತ್ತಿದ್ದರು. ಇನ್ನೂರು ನಾಲಗೆ ನೋಡಿದ್ದೇನೆ. ಸರಿ, ನಾಲ್ಕು.

ಆಸ್ಪತ್ರೆಯ ಸರ್ಜನ್‌ನನ್ನು ಎಲ್ಲರೂ ಪೊರೆ ಡಾಕ್ಟರ್ ಎನ್ನುತ್ತಿದ್ದರು. ಕಾರಣ ಇತ್ತು. ನಮ್ಮ ಕಡೆ ರೇಷ್ಮೆಯ ನೂಲು ಬಿಚ್ಚುವವರು ಬಹಳ. ಕುದಿಯುವ ನೀರಿನ ಬಾಣಲೆಗೆ ಗೂಡು ಹಾಕಿ, ಎಳೆ ಹುಡುಕಲು ಅದರಲ್ಲೇ ಕೈಯಾಡಿಸಬೇಕು. ಬಾಣಲೆ ಮಗುಚಿದರೆ ಕೈಕಾಲು ಬೆಂದಂತೆಯೇ. ಅಂಥವರು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನಿಂದ ನಮ್ಮಲ್ಲಿಗೆ ಬರುತ್ತಿದ್ದರು. ಬೆಂದ ಗಾಯಕ್ಕೆ ಬಟ್ಟೆ ಕಟ್ಟಿ, ಮಾರನೆಯ ದಿನ ಅದನ್ನು ಬಿಚ್ಚುವಾಗ ಅವರು ಕೂಗುತ್ತಿದ್ದ ಕೂಗನ್ನು ನಾನು ಎಳೆದು ಹೇಳುವ ಅಗತ್ಯವೇ ಇಲ್ಲ.

ಪೊರೆ ಡಾಕ್ಟರ್ ಎಲ್ಲೋ ಓದಿದ್ದರು. ಗರ್ಭದಲ್ಲಿ ಮಗು ನೀರು ತುಂಬಿದ ಚೀಲದೊಳಗೆ ಇರುತ್ತದಲ್ಲ, ಆ ಚೀಲದ ಒಳಪದರ ಈರುಳ್ಳಿ ಸಿಪ್ಪೆಯ ಒಳಗಿನ ಪೊರೆಯ ಹಾಗೆ ತೆಳ್ಳಗಿರುತ್ತದೆ. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯ ಬುಡದ ಮಾಸಿನ ಜೊತೆ ಅದೂ ಬೀಳುತ್ತದೆ. ಅದನ್ನು ಬಿಡಿಸಿ, ಉಪ್ಪುನೀರಿನಲ್ಲಿ ತೊಳೆದು ಬೆಂದ ಜಾಗದ ಮೇಲೆ ಹಾಸಿದರೆ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ನೋವು ಇಳಿಯುತ್ತದೆ, ನೀರು ಸೋರುವುದು ನಿಲ್ಲುತ್ತದೆ. ಅಡಿಯಲ್ಲಿ ಹೊಸ ಚರ್ಮ ಬಂದಂತೆ ತಾನಾಗಿ ಒಣಗಿ ಉದುರುತ್ತದೆ. ಬೇರೆಯವರ ಚರ್ಮ ಹಾಕಿದರೆ ತಿರುಗಿ ಬೀಳುವ ಮೈ, ಇದನ್ನು ಸುಮ್ಮನೆ ಇರಗೊಡುತ್ತದೆ. ಯಾಕೆ ಎಂದು ಕೇಳಿದ್ದಕ್ಕೆ, "ಗೊತ್ತಿಲ್ಲ ಕಣೋ, ಯಾರಿಗೂ ಸರಿಯಾಗಿ ಗೊತ್ತಿಲ್ಲ," ಎಂದರು. ಗೊತ್ತಿಲ್ಲ ಎಂದ ಡಾಕ್ಟರನ್ನು ನಾನು ಅವರೊಬ್ಬರನ್ನೇ ಕಂಡಿದ್ದು.

ಪೊರೆ ಬಿಡಿಸುವ ಕೆಲಸ ನನ್ನದಾಯಿತು. ಬೆರಳು ಸಣ್ಣ, ಧೈರ್ಯ ದೊಡ್ಡದು ಎಂದು. ಹೆಚ್ಚಿನ ಮನೆಯವರು ಮಾಸನ್ನು ಆಸ್ಪತ್ರೆಯಲ್ಲೇ ಬಿಟ್ಟು ಹೋಗುತ್ತಿದ್ದರು, ಅದನ್ನು ಹಿತ್ತಲ ಗುಂಡಿಗೆ ಹಾಕುತ್ತಿದ್ದೆವು. ಹಾಕುವ ಮುಂಚೆ ನಾನು ಪೊರೆ ಎತ್ತಿಕೊಳ್ಳುತ್ತಿದ್ದೆ. ಯಾರನ್ನೂ ಕೇಳುತ್ತಿರಲಿಲ್ಲ. ಮನೆಗೆ ಒಯ್ಯುವವರ ಮಾಸನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಹೆರಿಗೆ ವಾರ್ಡಿನ ಸಿಸ್ಟರ್ ಸುಂದರಮ್ಮನಿಗೆ ಇದು ಸರಿ ಬರುತ್ತಿರಲಿಲ್ಲ. ಒಂದು ದಿನ ನನ್ನೆದುರಿಗೇ ಡಾಕ್ಟರನ್ನು ತಡೆದು ನಿಲ್ಲಿಸಿದರು.

"ತಾಯೀನ ಒಂದ್ ಮಾತು ಕೇಳೋದಲ್ವಾ ಸಾರ್?"

"ಅದು ತಾಯಿದಲ್ಲ ಸಿಸ್ಟರ್. ಆ ಪದರ ಬೆಳೆಯೋದು ಮಗುವಿನ ಕಡೆಯಿಂದ. ಅದು ಮಗೂದು."

"ಹಂಗಾದ್ರೆ ಮಗೂನೇ ಕೇಳಿ. ತೊಟ್ಲಲ್ಲಿ ಐತೆ, ಎದ್ದೈತೆ."

ಡಾಕ್ಟರ್ ನಕ್ಕು ಜಾರಿಕೊಂಡರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕೇಳ್ಬೇಡ ಸೀನ. ಕೇಳಿದ್ರೆ ಇಲ್ಲ ಅಂತಾರೆ. ಇಲ್ಲ ಅಂದ್ಮೇಲೆ ತಗೊಂಡ್ರೆ ಅದು ಕಳ್ಳತನ. ಕೇಳ್ದೇ ತಗೊಂಡ್ರೆ ಬರೀ ಮರೆವು," ಎಂದರು. ಹತ್ತೊಂಬತ್ತನೇ ವಯಸ್ಸಿಗೆ ಅದು ವೇದವಾಕ್ಯದ ಹಾಗೆ ಕೇಳಿಸಿತು. ಇದನ್ನು ವಕ್ಕಲೇರಿಯ ಬಸ್ಸಿನಲ್ಲಿ ನನ್ನದೇ ಮಾತು ಎಂಬಂತೆ ಬಳಸಿದ್ದೇನೆ.

ಇನ್ನು ನನ್ನ ಡೋಂಗಿಯ ಕಥೆ. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ವರ್ಷ ಬೆಂಗಳೂರಿನಿಂದ ಹೊಸ ಲೇಡಿ ಡಾಕ್ಟರ್ ಒಬ್ಬರು ಹೆರಿಗೆ ವಾರ್ಡಿಗೆ ಬಂದರು. ಮೊದಲ ದಿನ ಫ್ರಿಜ್ ತೆರೆದು, "ಈ ಬಾಟಲಿನಲ್ಲಿ ಏನು?" ಎಂದು ಕೇಳಿದರು. ನಾನು ಮುಖ ಬಿಗಿದುಕೊಂಡು, "ಹುಲಿ ಕಣ್ಣಿನ ಪೊರೆ ಮೇಡಂ. ಫಾರೆಸ್ಟ್‌ನೋರು ಕಳ್ಸಿದ್ದು. ಕುರುಡರಿಗೆ ಹಾಕ್ತೀವಿ. ಹಾಕ್ಸಿಕೊಂಡೋರಿಗೆ ಕತ್ಲೇಲೂ ಕಾಣ್ತದೆ," ಎಂದೆ. ಪಾಪ, ಅವರು ಅದನ್ನು ಫ್ರಿಜ್ಜಿನ ರಿಜಿಸ್ಟರಿನಲ್ಲಿ ಬರೆದೂಬಿಟ್ಟರು. ಇಡೀ ಆಸ್ಪತ್ರೆ ಒಂದು ತಿಂಗಳು ನಕ್ಕಿತು. ಸರಿ, ಎರಡು ದಿನ. ಅಂದಿನಿಂದ ನಾನು ಹೊರಗೆ ಬಿಸಿಲಿದೆ ಎಂದರೂ ಅವರು ಕಿಟಕಿ ತೆರೆದು ನೋಡಿಯೇ ನಂಬುತ್ತಿದ್ದರು.

ಆ ಗುರುವಾರದ ವಿಷಯಕ್ಕೆ ಬರುತ್ತೇನೆ.

ಶ್ರೀನಿವಾಸಪುರದ ಕಡೆಯ ಯಶೋದ ಎಂಬ ಹುಡುಗಿ ಸುಟ್ಟಗಾಯದ ವಾರ್ಡಿನಲ್ಲಿದ್ದಳು. ಹದಿನೇಳು ವರ್ಷ ಇರಬಹುದು. ಬಾಣಲೆಯ ನೀರು ಬಿದ್ದು ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂದಿತ್ತು. ಫ್ರಿಜ್ಜಿನಲ್ಲಿ ಪೊರೆ ಮುಗಿದಿತ್ತು. ಎರಡು ದಿನದಿಂದ ಹೆರಿಗೆಯೇ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಒಂದಾಯಿತು. ತಾಯಲೂರಿನ ಪದ್ಮ, ಮೊದಲ ಮಗು, ಗಂಡು. ಆದರೆ ಪದ್ಮನ ಅತ್ತೆ ಗಂಗುಲಮ್ಮ, ಮಗು ಹುಟ್ಟುವ ಮುಂಚೆಯೇ ಹೊಸ ಮಡಕೆಯೊಂದನ್ನು ಸಿಸ್ಟರ್ ಕೈಗೆ ಕೊಟ್ಟು, "ಮಾಸು ನಮ್ಗೆ ಬೇಕಮ್ಮ, ಮನೇಲಿ ಹೂಳ್ಬೇಕು," ಎಂದು ಹೇಳಿಟ್ಟಿದ್ದಳು. ಮಡಕೆಗೆ ಅರಿಶಿನ ಬೇರೆ ಬಳಿದಿತ್ತು.

ಅವರ ಕಡೆಯ ಕ್ರಮ ಹೀಗೆ. ಮಾಸನ್ನು ತೊಳೆದು ಮಡಕೆಯಲ್ಲಿಟ್ಟು, ಬಾಣಂತಿಯ ಬಚ್ಚಲ ನೀರು ಬೀಳುವ ಜಾಗದಲ್ಲಿ ಬಾಯಿ ಮೇಲಾಗಿ ಹೂಳಬೇಕು. ಬೋರಲು ಹಾಕಿದರೆ ಮುಂದಿನ ಮಗು ಹುಟ್ಟುವುದಿಲ್ಲ. ಅರೆಬರೆ ಹೂತರೆ ಹುಟ್ಟಿದ ಮಗುವಿಗೆ ಕೇಡು.

ಸಿಸ್ಟರ್ ಸುಂದರಮ್ಮ ಮಾಸನ್ನು ಹರಡಿ ನೋಡಿ, ಪೂರ್ತಿ ಇದೆ ಎಂದು ಕೇಸ್ ಶೀಟಿನಲ್ಲಿ ಬರೆದು, ಎಂಟಕ್ಕೆ ಡ್ಯೂಟಿ ಮುಗಿಸಿ ಮಾಲೂರಿನ ತಂಗಿ ಮನೆಗೆ ಹೊರಟರು. ಮಾಸು ಬೇಸಿನ್ನಿನಲ್ಲಿತ್ತು. ಮಡಕೆ ಪಕ್ಕದಲ್ಲಿತ್ತು. ಆಚೆ ವಾರ್ಡಿನಲ್ಲಿ ಯಶೋದ ನರಳುವುದು ಕೇಳಿಸುತ್ತಿತ್ತು.

ಪೊರೆ ಎತ್ತಿದೆ. ಅಂಥ ಪೊರೆಯನ್ನು ನಾನು ಮತ್ತೆ ಎಂದೂ ಎತ್ತಿಲ್ಲ. ಎತ್ತುವಾಗ ಒಂದು ಕಡೆಯೂ ಹರಿಯದೆ, ಕೋಲಾರದ ಗಡಿಯಾರ ಗೋಪುರಕ್ಕೆ ಹೊದಿಸುವಷ್ಟು ಅಗಲ ಬಂತು. ಸರಿ, ಒಂದು ತೋಳಿಗೆ ಸುತ್ತುವಷ್ಟು. ಉಳಿದದ್ದನ್ನು ಮಡಕೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಗಂಗುಲಮ್ಮನ ಕೈಗೆ ಕೊಟ್ಟೆ.

ಅವಳು ಮಡಕೆ ತೂಗಿ ನೋಡಿದವಳಂತೆ ಹಿಡಿದು, "ಪೂರ್ತಿನಾ?" ಎಂದಳು.

"ಪೂರ್ತಿ ಅಜ್ಜಿ. ಒಂದ್ ಎಳೆ ಕಡಿಮೆ ಇದ್ರೆ ನನ್ ಮೀಸೆ ಬೋಳಿಸ್ಕೊತೀನಿ."

"ಮೀಸೆ ಎಲ್ಲೈತೆ ನಿಂಗೆ?" ಎಂದು ಹೊರಟಳು.

ಪೊರೆ ಡಾಕ್ಟರ್ ಒಂಬತ್ತಕ್ಕೆ ಬಂದು ಅದನ್ನು ಯಶೋದಳ ಕೈಗೆ ರವಿಕೆಯ ತೋಳಿನ ಹಾಗೆ ಸುತ್ತಿದರು. ಹದಿನೈದು ನಿಮಿಷದಲ್ಲಿ ಅವಳು ನಿದ್ದೆ ಹೋದಳು. ಎರಡು ದಿನದಲ್ಲಿ ಅದು ಅವಳ ಮೊದಲ ನಿದ್ದೆ. ಡಾಕ್ಟರ್ ನನ್ನ ಬೆನ್ನು ತಟ್ಟಿ, ಗುರುವಾರದ ಕ್ಯಾಂಪಿಗೆ ಮುಳಬಾಗಿಲಿಗೆ ಹೊರಟರು. ನಾನು ಕ್ಯಾಂಟೀನಿನಲ್ಲಿ ಎರಡು ದೋಸೆ ತಿಂದೆ. ನನ್ನ ಜೀವನದಲ್ಲಿ ಅಷ್ಟು ನಿಶ್ಚಿಂತೆಯಿಂದ ತಿಂದ ಕೊನೆಯ ದೋಸೆಗಳು ಅವು.

ನನಗೆ ಒಂದು ವಿಷಯ ಗೊತ್ತಿರಲಿಲ್ಲ. ಗಂಗುಲಮ್ಮ ಮೂವತ್ತು ವರ್ಷ ಸೂಲಗಿತ್ತಿಯಾಗಿದ್ದವಳು. ಸೊಸೆಗೆ ರಕ್ತ ಕಡಿಮೆ ಎಂದು ಹೆದರಿ ಅವಳೇ ಆಸ್ಪತ್ರೆಗೆ ಕರೆತಂದಿದ್ದಳು. ಹೊಂಗೆ ಮರದ ಕೆಳಗಿನ ನಲ್ಲಿಯಲ್ಲಿ ಮಾಸು ತೊಳೆಯಲು ಕೂತವಳು, ಅದನ್ನು ಅಂಗೈ ಮೇಲೆ ಹರಡಿ ನೋಡಿದ್ದಾಳೆ. ಒಳಪದರ ಇಲ್ಲ.

ಸೂಲಗಿತ್ತಿಗೆ ಇದಕ್ಕೆ ಒಂದೇ ಅರ್ಥ. ಹೊರಗೆ ಇಲ್ಲದ್ದು ಒಳಗಿದೆ. ಒಳಗೆ ಉಳಿದರೆ ಬಾಣಂತಿಗೆ ನಂಜು.

ಅವಳು ಒದ್ದೆ ಕೈಯಲ್ಲೇ ವಾರ್ಡಿಗೆ ಓಡಿ ಬಂದಳು. "ಅಮ್ಮಾ, ಪೊರೆ ಬಿದ್ದಿಲ್ಲ! ನನ್ ಸೊಸೆ ಹೊಟ್ಟೇಲಿ ಉಳ್ದೈತೆ!"

ಲೇಡಿ ಡಾಕ್ಟರ್ ಮಡಕೆಯಲ್ಲಿದ್ದದ್ದನ್ನು ನೋಡಿದರು, ಕೇಸ್ ಶೀಟು ನೋಡಿದರು. ಶೀಟಿನಲ್ಲಿ ಪೂರ್ತಿ, ಕಣ್ಣೆದುರಿಗೆ ಅರ್ಧ. ಬರೆದ ಸಿಸ್ಟರ್ ಮಾಲೂರಿನಲ್ಲಿ. ಹೆರಿಗೆಯಾದ ಕೆಲವರಿಗೆ ಬರುವಂತೆ ಪದ್ಮನಿಗೂ ಚಳಿ ಬಂದಿತ್ತು, ನಡುಗುತ್ತಿದ್ದಳು. ರೆಪ್ಪೆ ಕೆಳಗೆಳೆದರೆ ಒಳಗೆ ಕಾಗದದ ಬಣ್ಣ.

"ಥಿಯೇಟರ್‌ಗೆ ತಗೊಂಡು ಹೋಗಿ ಮತ್ತಿನ ಔಷಧಿ ಕೊಟ್ಟು ಒಳಗೆ ನೋಡ್ಬೇಕು," ಎಂದರು ಲೇಡಿ ಡಾಕ್ಟರ್. ಆಮೇಲೆ ನರ್ಸಿಗೆ ಸಣ್ಣ ದನಿಯಲ್ಲಿ, "ಇಷ್ಟು ಕಮ್ಮಿ ರಕ್ತ ಇರೋಳಿಗೆ ಮತ್ತಿನ ಔಷಧಿ ಕೊಡೋದಕ್ಕೆ ನಂಗೆ ಭಯ. ತಡ್ಕೊತಾಳೋ ಇಲ್ವೋ. ಆದ್ರೆ ಬಿಟ್ರೆ ಮೂರ್ ದಿನದಲ್ಲಿ ನಂಜು," ಎಂದರು.

ಥಿಯೇಟರ್ ಎಂಬ ಮಾತು ಕೇಳಿದ್ದೇ ಪದ್ಮನ ಗಂಡ ಬಾಗಿಲಿಗೆ ಅಡ್ಡ ನಿಂತ. ಎಮರ್ಜೆನ್ಸಿಯಲ್ಲಿ ಜನರನ್ನು ಹಿಡಿದು ಹಿಡಿದು ಸಂತಾನ ನಿಲ್ಲಿಸುವ ಆಪರೇಷನ್ ಮಾಡಿದ ಕಾಲ ಮುಗಿದು ಇನ್ನೂ ಬಹಳ ದಿನ ಆಗಿರಲಿಲ್ಲ.

"ಥಿಯೇಟರ್ ಅಂದ್ರೆ ಏನೂಂತ ಗೊತ್ತು ನಮ್ಗೆ! ಒಂದ್ ಮಗ ಸಾಕು ಅಂತ ಕತ್ತರ್ಸಿ ಕಳಿಸ್ತೀರ. ನಮ್ಮಣ್ಣನಿಗೆ ಹಂಗೇ ಮಾಡಿದ್ರಿ!"

"ಪಕ್ಕಕ್ ಹೋಗ್ಲಾ," ಎಂದು ಗಂಗುಲಮ್ಮ ಮಗನನ್ನು ತಳ್ಳಿದಳು. "ಪೊರೆ ಒಳಗೈತೆ ಅಂತ ಹೇಳ್ದೋಳು ನಾನು. ಕರ್ಕೊಂಡ್ ಹೋಗಿ ಅಮ್ಮ. ಬೇಗ ಹೋಗಿ."

ಟ್ರಾಲಿ ತಳ್ಳಲು ವಾರ್ಡ್ ಬಾಯ್ ಇರಲಿಲ್ಲ. "ಸೀನ, ಬಾರೋ ಇಲ್ಲಿ," ಎಂದರು ಲೇಡಿ ಡಾಕ್ಟರ್.

ಆ ಕಾರಿಡಾರ್ ಮೂರು ಮೈಲಿ. ಸರಿ, ಮೂವತ್ತು ಹೆಜ್ಜೆ. ಟ್ರಾಲಿಯ ಮುಂದಿನ ಗಾಲಿ ಪ್ರತಿ ಸುತ್ತಿಗೂ ಕಿರ್ರ್ ಎನ್ನುತ್ತಿತ್ತು. ಪದ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ಯಾಕೆಂದರೆ ಮಲಗಿದವಳಿಗೆ ಕಾಣುತ್ತಿದ್ದದ್ದು ನನ್ನ ಗಲ್ಲ ಮತ್ತು ಸೂರು ಮಾತ್ರ. "ಅಣ್ಣಾ, ಮಗೂಗೆ ಹಾಲು ಕೊಟ್ಟಿಲ್ಲ ಇನ್ನೂ," ಎಂದಳು.

ಹತ್ತು ಹೆಜ್ಜೆ. ಹೇಳಿದರೆ ಕೆಲಸ ಹೋಗುತ್ತದೆ. ಪೊರೆ ಡಾಕ್ಟರ್ ಬರಲಿ, ಅವರೇ ಹೇಳಲಿ ಎಂದರೆ, ಅವರು ಬರುವುದು ಸಂಜೆಗೆ. ಹದಿನೈದು ಹೆಜ್ಜೆ. ಒಳಗೆ ಹುಡುಕುತ್ತಾರೆ, ಏನೂ ಸಿಗುವುದಿಲ್ಲ, ವಾಪಸು ಕಳಿಸುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಹದಿನೆಂಟು. ತಡ್ಕೊತಾಳೋ ಇಲ್ವೋ ಅಂದರಲ್ಲ. ಇಪ್ಪತ್ತೆರಡನೇ ಹೆಜ್ಜೆಗೆ ನಿಂತೆ. ಈ ಲೆಕ್ಕಕ್ಕೆ ಹೆಂಡತಿ ಕೆಮ್ಮಿಲ್ಲ. ಆ ಸಂಖ್ಯೆ ನನಗೆ ಚೆನ್ನಾಗಿ ನೆನಪಿದೆ.

"ಮೇಡಂ, ಪೊರೆ ಒಳಗಿಲ್ಲ."

"ನಿಂಗೆ ಹೇಗೆ ಗೊತ್ತು?"

"ನಾನೇ ತೆಗೆದೆ. ಯಶೋದನ ಕೈ ಮೇಲೈತೆ."

ಲೇಡಿ ಡಾಕ್ಟರ್ ನನ್ನನ್ನು ನೋಡಿದರು. ಅವರ ಕಣ್ಣಿನಲ್ಲಿ ಹುಲಿ ಕಾಣಿಸಿತು. "ಇದೂ ನಿನ್ನ ಡೋಂಗಿನಾ? ನಿನ್ನ ಮಾತು ನಂಬಿ ಬಿಟ್ಟುಬಿಡ್ಲಾ? ನಾಳಿದ್ದು ಇವಳು ಜ್ವರ ಬಂದು ಹೋದ್ರೆ? ತಳ್ಳು ಟ್ರಾಲಿ."

ಸುಳ್ಳು ಹೇಳಿ ನಂಬಿಸಲು ನನಗೆ ನೂರು ದಾರಿ ಗೊತ್ತಿತ್ತು. ನಿಜ ಹೇಳಿ ನಂಬಿಸಲು ಒಂದೂ ಗೊತ್ತಿರಲಿಲ್ಲ. ಟ್ರಾಲಿಯ ಮುಂದೆ ಹೋಗಿ ನೆಲದ ಮೇಲೆ ಕೂತುಬಿಟ್ಟೆ. ಗಂಗುಲಮ್ಮ ಬಗ್ಗಿ ನನ್ನ ಗಲ್ಲ ಹಿಡಿದು ಎತ್ತಿದಳು.

"ಏಮ್ರಾ ಅಬ್ಬಾಯಿ, ನಿಜಂ ಚೆಪ್ಪು. ನಿಜ ಹೇಳು. ಬೆಳಗ್ಗೆ ಪೂರ್ತಿ ಅಂದೆ."

"ಸುಳ್ಳು ಹೇಳ್ದೆ ಅಜ್ಜಿ."

"ತೋರ್ಸು."

ಲೇಡಿ ಡಾಕ್ಟರ್, ಗಂಗುಲಮ್ಮ, ನಾನು ಸುಟ್ಟಗಾಯದ ವಾರ್ಡಿಗೆ ಹೋದೆವು. ಪದ್ಮ ಕಾರಿಡಾರಿನಲ್ಲೇ ಟ್ರಾಲಿಯ ಮೇಲಿದ್ದಳು, ಗಂಡ ಅವಳ ಕಾಲ ಬಳಿ ನಿಂತಿದ್ದ. ಯಶೋದಳ ಕೈಯನ್ನು ಗಂಗುಲಮ್ಮ ಮುಟ್ಟಲಿಲ್ಲ. ಮೂಗು ತಾಗುವಷ್ಟು ಬಗ್ಗಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಪೊರೆಯ ಅಂಚನ್ನು ಕಣ್ಣಲ್ಲೇ ಸವರುತ್ತ ಬಂದಳು. ಒಂದು ಸಲ ಅಲ್ಲ, ಎರಡು ಸಲ. ಮಗು ಹೊರಬರುವಾಗ ಚೀಲ ಒಡೆದ ಜಾಗ ಹುಡುಕುತ್ತಿದ್ದಳೆಂದು ಲೇಡಿ ಡಾಕ್ಟರ್ ಆಮೇಲೆ ನನಗೆ ಹೇಳಿದರು. ನಾನು ಉಸಿರಾಡುವುದನ್ನು ಅರ್ಧ ಗಂಟೆ ನಿಲ್ಲಿಸಿದ್ದೆ. ಸರಿ, ಅವಳು ನೋಡಿ ಮುಗಿಸುವವರೆಗೆ.

"ಹರಿದ ಬಾಯಿ ಇಲ್ಲೈತೆ," ಎಂದಳು ಕೊನೆಗೆ. "ಸುತ್ತ ಎಲ್ಲೂ ತುಂಡಾಗಿಲ್ಲ. ಒಳಗೇನೂ ಇಲ್ಲಮ್ಮ. ನನ್ ಸೊಸೇನ ವಾಪಸ್ ಮಲಗ್ಸಿ."

ಲೇಡಿ ಡಾಕ್ಟರ್ ತಾವೂ ಬಗ್ಗಿ ನೋಡಿದರು. ಎದ್ದು, ಕಾರಿಡಾರಿಗೆ ಹೋಗಿ ಟ್ರಾಲಿಯನ್ನು ತಾವೇ ತಿರುಗಿಸಿದರು.

ಈ ಗಲಾಟೆಗೆ ಯಶೋದಳಿಗೆ ಎಚ್ಚರವಾಯಿತು. ತನ್ನ ಕೈ ಮೇಲಿರುವುದು ಈ ಮುದುಕಿಯದು, ಕೇಳದೆ ತಂದದ್ದು ಎಂದು ತಿಳಿದದ್ದೇ ಅಂಚಿಗೆ ಉಗುರು ಹಾಕಿ ಕೀಳಲು ಹೋದಳು. "ನಂಗ್ ಬ್ಯಾಡ. ತಗೊಂಡೋಗಜ್ಜಿ."

"ಬಿಡೇ, ಕೈ ತೆಗಿ. ಅಂಟ್ಕೊಂಡೈತೆ. ಕಿತ್ರೆ ಅದರ ಜೊತೆ ನೀನೂ ಬತ್ತೀಯ," ಎಂದು ಗಂಗುಲಮ್ಮ ಗದರಿದಳು.

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಪದ್ಮನ ಗಂಡ, "ಯಾವ ಜನವೋ ಏನೋ ಇವ್ಳು," ಎಂದ. ಗಂಗುಲಮ್ಮ ತಿರುಗಿ ನೋಡದೆ, "ಸುಟ್ಟೋರ ಜನ," ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಹೇಳಿದ ಮಾತಿಗೆ ನಾನು ಒಂದಕ್ಷರವನ್ನೂ ಸೇರಿಸುತ್ತಿಲ್ಲ.

"ಕೇಳಿದ್ದಿದ್ರೆ ಕೊಡ್ತಿದ್ದೆ ಅನ್ಕೊಂಡ್ಯಾ? ಕೊಡ್ತಿರ್ಲಿಲ್ಲ. ಆದ್ರೂ ಕೇಳ್ಬೇಕಿತ್ತು ನೀನು."

"ತಪ್ಪಾಯ್ತಜ್ಜಿ."

"ಉದುರಿದ್ ಮೇಲೆ ತಂದ್ಕೊಡು. ಗುಂಡಿ ಮುಚ್ಚಲ್ಲ ನಾನು. ಬೂದಿ, ಉಪ್ಪು ಹಾಕಿ ಚಪ್ಪಡಿ ಎಳ್ದಿರ್ತೀನಿ. ನೀನೇ ತರ್ಬೇಕು."

ಸಂಜೆ ಪೊರೆ ಡಾಕ್ಟರ್ ಮುಳಬಾಗಿಲಿನಿಂದ ಬಂದರು. ಬೈಯುತ್ತಾರೆ ಎಂದು ಕಾದು ನಿಂತಿದ್ದೆ. "ಹೇಳ್ಬಿಟ್ಟೆಯಾ?" ಎಂದು ಕುರ್ಚಿಯಲ್ಲಿ ಕುಸಿದರು. ಆಮೇಲೆ, "ನಾನಿದ್ದಿದ್ರೆ ಹೇಳ್ತಿದ್ನೋ ಇಲ್ವೋ, ಗೊತ್ತಿಲ್ಲ ಕಣೋ," ಎಂದರು. ಅವರ ಬಾಯಿಂದ ಕೇಳಿದ ಎರಡನೇ ‘ಗೊತ್ತಿಲ್ಲ’ ಅದು. ನನ್ನ ಕೆಲಸ ಉಳಿಯಿತು. ಮೂವರು ಕೂತು ನಿಯಮ ಮಾಡಿದರು: ಪೊರೆ ಡಾಕ್ಟರ್, ಲೇಡಿ ಡಾಕ್ಟರ್, ಮಾಲೂರಿನಿಂದ ವಾಪಸು ಬಂದ ಸಿಸ್ಟರ್ ಸುಂದರಮ್ಮ. ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡಿದ್ದರು, ತಪ್ಪಿನ ಮಾದರಿಯಾಗಿ.

ಹೆರಿಗೆ ನೋವು ತಿನ್ನುತ್ತಿರುವವಳನ್ನು ಕೇಳಬಾರದು ಎಂದರು ಸಿಸ್ಟರ್. ಆಗ ಏನು ಕೇಳಿದರೂ ಹೂಂ ಎನ್ನುತ್ತಾಳೆ, ಅದು ಒಪ್ಪಿಗೆ ಅಲ್ಲ. ತಿಂಗಳ ತಪಾಸಣೆಗೆ ಬಂದಾಗ, ಕೂರಿಸಿ ಕೇಳಬೇಕು. ಯಾರ ಮೈಗೆ ಹೋಗುತ್ತದೆ ಎಂದು ಹೇಳಬೇಕು, ಬೇಕೆಂದರೆ ವಾರ್ಡಿಗೆ ಕರೆದುಕೊಂಡು ಹೋಗಿ ತೋರಿಸಬೇಕು. ಬೇಡ ಎಂದರೆ ಯಾಕೆ ಎಂದು ಕೇಳಬಾರದು. ಕೇಳುವ ಕೆಲಸ ಯಾರದು ಎಂಬ ಪ್ರಶ್ನೆ ಬಂದಾಗ ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು.

ಕಾವ್ಯ, ಕೇಳುವುದು ಸುಲಭ ಎಂದುಕೊಳ್ಳಬೇಡ. ಮೊದಲ ವಾರ ಕೇಳಿದವರೆಲ್ಲ ಬೇಡ ಎಂದರು. ಒಬ್ಬಳಂತೂ ಚಪ್ಪಲಿ ಎತ್ತಿದಳು. ಆಚೆ ಶಂಕರಪ್ಪ ಎಂಬ ಮುದುಕ ಬಟ್ಟೆ ಬಿಚ್ಚಿಸಿಕೊಳ್ಳುವಾಗ ಕೂಗುತ್ತಿದ್ದ, ಈಚೆ ಗುಂಡಿಗೆ ಪೊರೆ ಹೋಗುತ್ತಿತ್ತು. ಅದು ಅವನಿಗೆ ಸಿಗಬಹುದಿತ್ತು ಎಂದು ಗೊತ್ತಿದ್ದೂ ನಾನೇ ಗುಂಡಿಗೆ ಹಾಕಿ ಬರುತ್ತಿದ್ದೆ. ಡಾಕ್ಟರ್ ಹೇಳಿದ ಹಾಗೆ ಮರೆತುಬಿಡೋಣವೇ ಎಂದು ಕೈ ಎರಡು ಸಲ ಬೇಸಿನ್ನಿಗೆ ಹೋಗಿ ವಾಪಸು ಬಂತು. ಆಮೇಲೆ ಮಾತಿನ ವರಸೆ ಬದಲಿಸಿದೆ. ಹೊಗಳುವುದು, ಪುಣ್ಯ ಬರುತ್ತದೆ ಎನ್ನುವುದು ಬಿಟ್ಟೆ. "ಶಂಕರಪ್ಪ ಅಂತ ಇದ್ದಾರೆ, ಒಳಗೆ ಬಂದು ನೋಡ್ತೀರಾ?" ಎಂದಷ್ಟೇ ಕೇಳಿದೆ. ಕೆಲವರು ನೋಡಿ ಹೂಂ ಎಂದರು. ಕೆಲವರು ನೋಡಿಯೂ ಇಲ್ಲ ಎಂದರು. ಇಲ್ಲ ಎಂದವರಿಗೂ ಮಡಕೆ ನಾನೇ ತೊಳೆದುಕೊಟ್ಟೆ.

ಒಂದು ಸಲ ಯಾವುದೋ ಔಷಧ ಕಂಪನಿಯ ಏಜೆಂಟ್ ಐಸ್ ಡಬ್ಬಗಳ ಜೊತೆ ಬಂದು ಮಾಸೆಲ್ಲ ತನಗೇ ಬೇಕೆಂದ. "ಯಾರ ಮೈಗೆ ಹೋಗ್ತದೆ?" ಎಂದರು ಸಿಸ್ಟರ್. ಅವನು ದೇಶ, ವಿಜ್ಞಾನ ಎಂದೆಲ್ಲ ಹೇಳಿದ. "ಹೆಸ್ರು ಹೇಳಪ್ಪ," ಎಂದರು. ಅವನು ಖಾಲಿ ಡಬ್ಬಗಳ ಜೊತೆ ಹೋದ.

ಎಂಬತ್ತರ ದಶಕದ ನಡುವೆ ಇನ್ನೊಂದು ಭಯ ಬಂತು. ರಕ್ತದಿಂದ ಹರಡುವ ಹೊಸ ಕಾಯಿಲೆಯ ಸುದ್ದಿ ಪೇಪರಿನಲ್ಲಿ ಓದಿ ಪೊರೆ ಡಾಕ್ಟರ್ ಪೂರ್ತಿ ಒಂದು ದಿನ ಬಾಗಿಲು ಹಾಕಿಕೊಂಡು ಕೂತರು. ನಾವು ತಾಯಿಯ ರಕ್ತಕ್ಕೆ ಒಂದೇ ಒಂದು ಪರೀಕ್ಷೆ ಮಾಡಿಸಿ ಪೊರೆ ಹಾಸುತ್ತಿದ್ದೆವು. ಯಾರಿಗಾದರೂ ಏನಾದರೂ ಅಂಟಿಸಿದ್ದೇವೆಯೇ? ಹಳೆಯ ರೋಗಿಗಳ ವಿಳಾಸ ಹಿಡಿದು ನಾನು ಬಸ್ಸಿನಲ್ಲಿ ಅಲೆದೆ. ಸಿಕ್ಕವರೆಲ್ಲ ಚೆನ್ನಾಗಿದ್ದರು. ಸಿಗದವರೂ ಇದ್ದರು. ಅವರ ಮುಖ ಈಗಲೂ ಎದುರಿಗೆ ಬರುತ್ತದೆ. ಪೊರೆ ಹಾಸುವುದು ಅಲ್ಲಿಗೆ ನಿಂತಿತು.

ಈಗ ಕಾವ್ಯ ಹೇಳುತ್ತಾಳೆ, ಆ ಪೊರೆಯಲ್ಲೂ ಸ್ಟೆಮ್ ಸೆಲ್ ಇತ್ತಂತೆ. ಹಾಗೆಂದರೇನು ಎಂದೆ. ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಜೀವಕೋಶ, ಚರ್ಮವೂ ಆದೀತು, ಮೂಳೆಯೂ ಆದೀತು ಎಂದಳು. ಹತ್ತೊಂಬತ್ತರ ನನ್ನ ಹಾಗೆಯೇ. ಪೊರೆ ಡಾಕ್ಟರ್ ಗೊತ್ತಿಲ್ಲ ಎಂದದ್ದಕ್ಕೆ ಅರ್ಧ ಉತ್ತರ ಸಿಕ್ಕಿದೆ ಎಂದಾಯಿತು. ಅದು ಯಾರದು, ತಾಯಿಯದೋ ಮಗುವಿನದೋ, ಎಂಬುದಕ್ಕೆ ಮಾತ್ರ ಅವಳ ಫಾರಂನ ಹನ್ನೊಂದು ಪುಟದಲ್ಲೂ ನನಗೆ ಉತ್ತರ ಸಿಗಲಿಲ್ಲ.

ಇಷ್ಟೆಲ್ಲ ಹೇಳಿ ತಾಯಲೂರಿಗೆ ಹೋದದ್ದನ್ನು ಬಿಟ್ಟುಬಿಟ್ಟೆ. ಹೆಂಡತಿ ಈಗ ಅದಕ್ಕೇ ಕೆಮ್ಮುತ್ತಿದ್ದಾಳೆ.

ಯಶೋದಳ ಕೈ ಮೇಲಿನ ಪೊರೆ ಎರಡು ವಾರದಲ್ಲಿ ಒಣಗಿ, ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಚೂರುಚೂರಾಗಿ ಉದುರಿತು. ಬಿದ್ದ ಚೂರನ್ನೆಲ್ಲ ಅವಳೇ ಎಡಗೈಯಿಂದ ಆರಿಸಿ ಕಾಗದದಲ್ಲಿ ಕಟ್ಟಿಟ್ಟಿದ್ದಳು. ಅಷ್ಟು ದಿನವೂ ನನಗೆ ಒಂದೇ ಚಿಂತೆ. ಪದ್ಮನಿಗೆ ಜ್ವರ ಬಂದಿದ್ದರೆ? ಮಗು ಹಾಲು ಬಿಟ್ಟಿದ್ದರೆ? ಏನಾಗಿದ್ದರೂ ಊರವರು ಹೇಳುವ ಕಾರಣ ನಾನೇ.

ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ, ತಾಯಲೂರಿನಲ್ಲಿ ಇಳಿದು, ಕೆರೆ ಏರಿಯ ಮೇಲೆ ನಡೆದೆ. ಮನೆಯ ಹಿತ್ತಲಲ್ಲಿ ಪದ್ಮ ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ಜ್ವರ ಬಂದಿತ್ತಾ ಎಂದು ಮೊದಲು ಅದನ್ನೇ ಕೇಳಿದೆ, ಇಲ್ಲ ಎಂದು ತಲೆಯಾಡಿಸಿದಳು. ಗಂಗುಲಮ್ಮ ಬಚ್ಚಲ ಮೋರಿಯ ಹತ್ತಿರದ ಚಪ್ಪಡಿ ಸರಿಸಿದಳು. ಮಡಕೆಯ ಬಾಯಿ ಕಂಡಿತು, ಬೂದಿ ತುಂಬಿತ್ತು.

ಕಾಗದದ ಪೊಟ್ಟಣವನ್ನು ಮೊರದಲ್ಲಿ ಬಿಚ್ಚಿ, ಚೂರುಗಳನ್ನು ಬೆರಳ ತುದಿಯಲ್ಲಿ ಒಂದಕ್ಕೊಂದು ಜೋಡಿಸುತ್ತ ಹೋದಳು. ಆಮೇಲೆ ತಲೆಯೆತ್ತಿದಳು.

"ಪೂರ್ತಿನಾ?"

ಪೂರ್ತಿ ಎಂದರೆ ಮುಗಿಯುತ್ತಿತ್ತು. ಅವಳು ನಂಬಲು ತಯಾರಾಗಿಯೇ ಕೂತಂತಿತ್ತು.

"ಇಲ್ಲಜ್ಜಿ. ಮಣಿಕಟ್ಟಿನ ಹತ್ರ ಒಂದ್ ಚೂರು ಉದುರ್ಲೇ ಇಲ್ಲ. ಅಲ್ಲೇ ಸೇರ್ಕೊಂಡ್ ಹೋಯ್ತು."

"ಎಷ್ಟು?"

ನನ್ನ ಕೈ ತನ್ನ ಅಭ್ಯಾಸದಂತೆ ಅಗಲವಾಗಲು ಹೊರಟಿತು. ಹಿಡಿದು ನಿಲ್ಲಿಸಿದೆ. ಯಶೋದಳ ಮಣಿಕಟ್ಟನ್ನು ಕಣ್ಣಿಗೆ ತಂದುಕೊಂಡು, ಎರಡು ಬೆರಳು ಜೋಡಿಸಿ, ಎರಡನೇ ಗೆಣ್ಣಿನವರೆಗೆ ತೋರಿಸಿದೆ. "ಇಷ್ಟು."

ಗಂಗುಲಮ್ಮ ಸೊಂಟದ ಚೀಲದಿಂದ ಒಂದು ವೀಳ್ಯದೆಲೆ ತೆಗೆದಳು. ನನ್ನ ಎರಡು ಬೆರಳನ್ನು ಅದರ ಮೇಲೆ ಇಡಿಸಿ, ಉಗುರಿನಿಂದ ಸುತ್ತ ಗೀರಿ, ಅಷ್ಟೇ ತುಂಡನ್ನು ಹರಿದುಕೊಂಡಳು.

"ಪಕ್ಕಾನಾ? ಹೆಚ್ಚೂ ಆಗ್ಬಾರ್ದು, ಕಮ್ಮೀನೂ ಆಗ್ಬಾರ್ದು."

"ಪಕ್ಕಾ ಅಜ್ಜಿ."

ಎಲೆಯ ತುಂಡನ್ನು ಚೂರುಗಳ ಜೊತೆ ಮಡಕೆಗೆ ಹಾಕಿದಳು. ಕೈಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, "ಮುಚ್ಚು," ಎಂದಳು. ಮುಚ್ಚಿದೆ. ಗುಂಡಿ ಒಂದೂವರೆ ಅಡಿ ಇತ್ತು.

ಹೆಂಡತಿಯ ಕಡೆ ನೋಡಿದೆ. ಕೆಮ್ಮಲಿಲ್ಲ.